ಒರೆಸದೆ ಸೇರಿಸಿದ ನೋಡ್

“ಮೊದಲಿಂದ ಮಾಡಿ ತೋರಿಸು,” ಅಂದಳು ಹಿಲ್ಕಾ. “ನನಗೆ ಅರ್ಥ ಆಗಲಿ ಅಂತ ನಿಧಾನ ಮಾಡ್ಬೇಡ. ಪಕ್ಕದಲ್ಲಿ ಯಾರೂ ಇಲ್ಲದಾಗ ಹೇಗೆ ಮಾಡ್ತೀಯೋ ಹಾಗೇ ಮಾಡು.”

ಓಸ್ಮೋ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ಅವಳನ್ನೊಮ್ಮೆ ನೋಡಿದ. ಅದು ಬಂದರಿನ ಹಳೆಯ ಉಪ್ಪುಮೀನಿನ ಗೋದಾಮಿನ ನೆಲಮಾಳಿಗೆ. ದಪ್ಪ ಕಲ್ಲಿನ ಗೋಡೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ ಎಂಬ ಒಂದೇ ಕಾರಣಕ್ಕೆ ಮೀನುಗಾರರ ಸಂಘ ತನ್ನ ಸರ್ವರನ್ನು ಅಲ್ಲಿ ಇಟ್ಟುಕೊಂಡಿತ್ತು. ಪೀಪಾಯಿಗಳು ಹೋಗಿ ಎಷ್ಟೋ ಕಾಲವಾಗಿದ್ದರೂ ಕಲ್ಲಿನೊಳಗಿಂದ ಮೀನಿನ ವಾಸನೆ ಹೋಗಿರಲಿಲ್ಲ.

ಹಿಲ್ಕಾ ಕೋಟು ಬಿಚ್ಚದೆ, ಬೋರಲು ಹಾಕಿದ ಮೀನಿನ ಪೆಟ್ಟಿಗೆಯ ಮೇಲೆ ಕೂತು, ಅರ್ಧ ಹೆಣೆದ ಉಣ್ಣೆಯ ಕಾಲುಚೀಲವನ್ನು ಕೈಗೆ ತೆಗೆದುಕೊಂಡಳು. ವಿಚಾರಣೆಗೆ ಬಂದು ಕಾಲುಚೀಲ ಹೆಣೆಯುವ ಪೊಲೀಸ್ ಅಧಿಕಾರಿ ಆ ಕರಾವಳಿಯಲ್ಲಿ ಅವಳೊಬ್ಬಳೇ. ತನ್ನ ಕಣ್ಣು ಹೆಣಿಗೆಯ ಮೇಲಿದ್ದರೆ ಎದುರಿನವರ ಕೈ ಸಲೀಸಾಗಿ ಆಡುತ್ತದೆ ಎಂಬುದನ್ನು ಅವಳು ಯಾವ ತರಬೇತಿಯಲ್ಲೂ ಕಲಿತಿರಲಿಲ್ಲ. ಮೂರು ಮಕ್ಕಳನ್ನು ಸಾಕಿ ಕಲಿತಿದ್ದಳು.

“ಅದು ಯಾರಿಗೆ?” ಎಂದು ಓಸ್ಮೋ ಕಾಲುಚೀಲದ ಕಡೆ ಗಲ್ಲ ಎತ್ತಿದ.

“ತಪ್ಪೊಪ್ಪಿಕೊಂಡವರಿಗೆ. ಜೈಲಿನ ನೆಲ ತಣ್ಣಗಿರುತ್ತಂತೆ.”

ಅವನು ನಕ್ಕ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ಇಬ್ಬರೂ. ಇಂಥ ಮಾತು ಹೊಸದಲ್ಲ. ಆದರೆ ನಗು ಕಣ್ಣಿನ ತನಕ ಹೋಗಲಿಲ್ಲ.

ಕಳೆದ ಗುರುವಾರ ಔಲಿಸ್ ಸಹಾಯಕ್ಕಾಗಿ ಕರೆದಿದ್ದ. ಔಲಿಸ್ ಸತ್ತು ಆಗಲೇ ಒಂದಿಡೀ ಬೇಸಿಗೆ ಕಳೆದಿತ್ತು.

ಹೆಪ್ಪುಗಟ್ಟಿದ ಕಡಲಿನ ಮೇಲೆ ಮೀನು ಹಿಡಿಯಲು ಹೋಗುವ ಪ್ರತಿಯೊಬ್ಬರ ಎದೆಯ ಮೇಲೂ ಸಂಘದ ಒಂದು ಸಣ್ಣ ಡಬ್ಬಿ ಇರುತ್ತದೆ, ಅದರಲ್ಲೊಂದು ಕೆಂಪು ಗುಂಡಿ. ಒತ್ತಿದರೆ ಬಂದರಿನ ಪಾಳಿಕೋಣೆಯ ತೆರೆಯ ಮೇಲೆ ಹೆಸರು, ಜಾಗ ಎರಡೂ ಮೂಡುತ್ತವೆ. ಮಾರ್ಚ್ ತಿಂಗಳಲ್ಲಿ ಔಲಿಸ್ ಒಬ್ಬನೇ ಹೋದ, ಅವನ ಕಾಲಡಿಯ ಹಿಮ ಬಿರಿಯಿತು. ಹೆಣ ಸಿಕ್ಕಾಗ ಡಬ್ಬಿ ಎದೆಯ ಮೇಲೇ ಇತ್ತು. ಉಪ್ಪುನೀರು ಹೊಕ್ಕು ಕೆಟ್ಟಿದ್ದ ಅದರಿಂದ ಏನೂ ತಿಳಿಯಲಿಲ್ಲ. ಸಂಘದ ದಾಖಲೆಯಲ್ಲೂ ಅವನ ಕರೆ ಇರಲಿಲ್ಲ.

ಅದಕ್ಕೂ ಹಿಂದಿನ ಚಳಿಗಾಲದಿಂದ ಔಲಿಸ್ ಮಾತು ಕಡಿಮೆ ಮಾಡಿದ್ದ, ಊಟ ಬಿಟ್ಟಿದ್ದ, ಗಡ್ಡ ಬಿಟ್ಟಿದ್ದ. ಹಾಗಾಗಿ ಊರು ತನ್ನಷ್ಟಕ್ಕೆ ತಾನು ತೀರ್ಮಾನಿಸಿತು. ಗುಂಡಿ ಎದೆಯ ಮೇಲೇ ಇತ್ತು, ಆದರೂ ಒತ್ತಲಿಲ್ಲ ಎಂದರೆ ಏನರ್ಥ? ಪಾದ್ರಿ ಅದನ್ನು ಹೇಳಲಿಲ್ಲ, ಅಂಗಡಿಯವಳೂ ಹೇಳಲಿಲ್ಲ. ಅವನ ಹೆಂಡತಿ ಲೆಂಪಿ ಮಾತ್ರ ಎಲ್ಲರ ಮೌನದಲ್ಲೂ ಅದನ್ನೇ ಕೇಳಿಸಿಕೊಂಡಳು.

ಗುರುವಾರ ಪಾಳಿಯಲ್ಲಿದ್ದವಳು ಬೇರೆ ಊರಿನಿಂದ ಹೊಸದಾಗಿ ಬಂದ ಹುಡುಗಿ. ತೆರೆಯ ಮೇಲೆ ಔಲಿಸ್ ಎಂಬ ಹೆಸರು ಕೆಂಪಗೆ ಮಿನುಗಿದ್ದನ್ನು ಕಂಡು, ನಿಯಮದಂತೆ ಅವನ ಮನೆಗೆ ಫೋನ್ ಮಾಡಿದಳು: ನಿಮ್ಮ ಯಜಮಾನರು ಕಡಲಿನಲ್ಲಿದ್ದಾರೆ, ಸಹಾಯ ಕೇಳ್ತಿದ್ದಾರೆ. ಹಿಲ್ಕಾ ದಡಕ್ಕೆ ಬಂದಾಗ ಲೆಂಪಿ ಮನೆಯ ಚಪ್ಪಲಿಯಲ್ಲೇ ಮೊಣಕಾಲುದ್ದದ ಅಕ್ಟೋಬರ್ ನೀರಿನಲ್ಲಿ ನಿಂತಿದ್ದಳು. ಅತ್ತಿರಲಿಲ್ಲ. ಹೊರಗೆ ಎಳೆದುಕೊಂಡು ಬಂದಾಗ ಒಂದೇ ಪ್ರಶ್ನೆ ಕೇಳಿದಳು: “ಅವನು ಒತ್ತಿದ್ನಾ?”

ಆ ಪ್ರಶ್ನೆಗೆ ಉತ್ತರ ತರುತ್ತೇನೆ ಎಂದು ಹಿಲ್ಕಾ ಮಾತು ಕೊಟ್ಟಿದ್ದಳು. ಯಾರೋ ಕುಹಕಿ ಹೊಸದಾಗಿ ಸೇರಿಸಿದ ಸುಳ್ಳು ಕರೆ ಅದಾಗಿದ್ದರೆ ಲೆಂಪಿಯ ಮುಂದೆ ನಿಲ್ಲುವುದು ಹೇಗೆ ಎಂದು ಅಂದಿನಿಂದ ಅವಳಿಗೆ ಸರಿಯಾಗಿ ನಿದ್ದೆ ಇಲ್ಲ.

ಓಸ್ಮೋ ಕೆಲಸ ಶುರು ಮಾಡಿದ. ಮೇಜಿನ ಮೇಲೆ ಇನ್ನೂ ಬಳಸದ ಒಂದು ಹೊಸ ಸರ್ವರ್ ಇತ್ತು, ಮುಂದೆ ಶಾಲೆಯಲ್ಲಿರುವ ಹಳೆಯದರ ಜಾಗಕ್ಕೆ ಹೋಗಬೇಕಾದದ್ದು. ಸಂಘದ ದಾಖಲೆ ಒಂದೇ ಕಡೆ ಇರುವುದಿಲ್ಲ. ಬಂದರಿನಲ್ಲಿ ಒಂದು, ಶಾಲೆಯ ನೆಲಮಾಳಿಗೆಯಲ್ಲಿ ಒಂದು, ದೀಪಸ್ತಂಭದ ದ್ವೀಪದಲ್ಲಿ ಒಂದು, ಹೀಗೆ ಮೂರು ಯಂತ್ರಗಳು ಒಂದೇ ಗುಂಪು. ಒಂದಕ್ಕೆ ಬಂದದ್ದನ್ನು ಇನ್ನೆರಡಕ್ಕೂ ಹಂಚಿಕೊಳ್ಳುತ್ತವೆ. ಒಂದು ಸುಟ್ಟುಹೋದರೂ ಕಡಲಿನಲ್ಲಿರುವವನ ಕರೆ ಉಳಿಯಬೇಕು ಎಂಬುದು ಲೆಕ್ಕಾಚಾರ. ಒಂದೊಂದು ಯಂತ್ರಕ್ಕೂ ಓಸ್ಮೋ ‘ನೋಡ್’ ಎನ್ನುತ್ತಿದ್ದ, ಮನೆಯ ದನಗಳ ಬಗ್ಗೆ ಹೇಳುವ ದನಿಯಲ್ಲಿ.

ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರಗಳು ಓಡಿದವು. ಮೌಸ್ ಒತ್ತುವ ಕೆಲಸವಿಲ್ಲ, ಚಿತ್ರಗಳಿಲ್ಲ, ಬರೀ ಬೆರಳು. ಗುಂಪಿನ ಹೆಸರು ಬರೆದ. ಅದರಲ್ಲಿ ಒಂದಕ್ಷರ ತಪ್ಪಿದರೂ ಉಳಿದ ಯಂತ್ರಗಳು ಒಳಗೆ ಬಿಟ್ಟುಕೊಳ್ಳುವುದಿಲ್ಲವಂತೆ. ಈ ಯಂತ್ರದ ವಿಳಾಸ ಬರೆದ. ಆಮೇಲೆ ಬಂದರಿನದೂ ಶಾಲೆಯದೂ ವಿಳಾಸ: ಹೊಸಬ ಬಂದಾಗ ಮೊದಲು ಯಾರ ಬಾಗಿಲು ತಟ್ಟಬೇಕು ಎಂದು ತಿಳಿಸಲು. ಕಡತವನ್ನು ಉಳಿಸಿದ. ದಾಖಲೆಗಳಿರಬೇಕಾದ ಫೋಲ್ಡರಿನಲ್ಲಿ ಏನಿದೆ ಎಂದು ಕೇಳಿದ. ಏನೂ ಇಲ್ಲ ಎಂದು ತೆರೆ ಹೇಳಿತು.

ಆದರೂ ಅವನ ಬೆರಳು ಇನ್ನೊಂದು ಸಾಲು ಹೊಡೆಯಿತು. ಮತ್ತೆ ಏನಿದೆ ಎಂದು ಕೇಳಿತು. ಆಮೇಲೆಯೇ ಯಂತ್ರವನ್ನು ಎಬ್ಬಿಸಿದ್ದು.

ಹಿಲ್ಕಾಳ ಸೂಜಿ ಒಂದು ಕ್ಷಣ ನಿಂತು ಮುಂದುವರಿಯಿತು. “ಮಧ್ಯದಲ್ಲಿ ಏನು ಮಾಡಿದೆ?”

“ಯಾವಾಗ?”

“ಎಬ್ಬಿಸೋಕೆ ಮುಂಚೆ.”

“ಓ. ಒರೆಸಿದೆ. ಹಳೇದು ಏನಾದ್ರೂ ಇದ್ರೆ ಹೋಗಲಿ ಅಂತ.”

“ಖಾಲಿ ಅಂತ ಅದೇ ಹೇಳ್ತಲ್ಲ.”

“ಕೈ ಅಭ್ಯಾಸ ಕಣೇ.” ಅವನು ಕಾಫಿಯ ಫ್ಲಾಸ್ಕಿಗೆ ಕೈ ಹಾಕಿದ.

ತೆರೆಯ ಮೇಲೆ ಈಗ ಗುಂಪಿನ ಯಂತ್ರಗಳ ಸಾಲು ಬಂದಿತ್ತು. ಹೊಸದರ ಮುಂದೆ ‘ಸೇರುತ್ತಿದೆ’ ಎಂಬ ಗುರುತು. ಅದು ಉಳಿದವುಗಳಿಂದ ತನ್ನ ಪಾಲಿನ ದಾಖಲೆಗಳನ್ನು ಕೇಳಿ ಪಡೆಯುತ್ತಿದೆ ಎಂದು ಓಸ್ಮೋ ವಿವರಿಸಿದ. ಸ್ವಲ್ಪ ಹೊತ್ತಿಗೆ ಗುರುತು ಬದಲಾಯಿತು. ಸೇರಿತು.

ಒರೆಸದೆ ಎಬ್ಬಿಸಿದರೆ ಏನಾಗುತ್ತದೆ ಎಂದು ಹಿಲ್ಕಾ ಕೇಳಿದಳು, ಗೊತ್ತಿಲ್ಲದವಳ ಹಾಗೆ. ಶುಕ್ರವಾರ ಪೊಲೀಸ್ ಠಾಣೆಯಲ್ಲಿ ಅವನು ಇದನ್ನೆಲ್ಲ ಹೇಳಿದ್ದ. ಆದರೆ ಅಲ್ಲಿ ಹೇಳಿದ್ದು ಹೇಳಿಕೆಯ ಭಾಷೆಯಲ್ಲಿ.

ಓಸ್ಮೋ ಲೋಟಕ್ಕೆ ಕಾಫಿ ಬಗ್ಗಿಸುತ್ತ ಹೇಳಿದ: “ನಮ್ಮಲ್ಲಿ ಅಳಿಸೋದು ಅಂದ್ರೆ ಅಳಿಸೋದಲ್ಲ. ಇದು ಸತ್ತಿದೆ ಅಂತ ಒಂದು ಚೀಟಿ ಅಂಟಿಸೋದು. ಆ ಚೀಟಿ ಮೂರು ಯಂತ್ರಕ್ಕೂ ತಲುಪಬೇಕಲ್ಲ, ಅದಕ್ಕೆ ಹತ್ತು ದಿನ ಇಟ್ಕೊಂಡಿರ್ತೀವಿ. ಆಮೇಲೆ ಚೀಟಿ, ದಾಖಲೆ ಎರಡನ್ನೂ ಗುಡಿಸಿ ಹಾಕ್ತೀವಿ.”

“ಒಂದು ಯಂತ್ರ ಆ ಹತ್ತು ದಿನ ಇರದೇ ಹೋದ್ರೆ?”

“ಅದಕ್ಕೆ ಸಾವಿನ ಸುದ್ದಿ ಮುಟ್ಟೋದೇ ಇಲ್ಲ. ಯಾವತ್ತೋ ವಾಪಸ್ ಬಂದು, ಇಗೋ ನನ್ನ ಹತ್ರ ಇದು ಇದೆ, ನಿಮ್ಮ ಹತ್ರ ಇಲ್ವಲ್ಲ ಅನ್ನುತ್ತೆ. ಉಳಿದವು ಏನು ಮಾಡ್ತವೆ? ಚೀಟಿ ಅವುಗಳ ಹತ್ರಾನೂ ಇಲ್ಲ. ಹೌದಾ, ನಮಗೆ ತಪ್ಪಿ ಹೋಗಿತ್ತೇನೋ ಅಂತ ಬರ್ಕೊಳ್ತವೆ.” ಅವನು ಲೋಟವನ್ನು ಮೇಜಿನ ಮೇಲಿಟ್ಟ, ಕುಡಿಯಲಿಲ್ಲ. “ಅದಕ್ಕೇ ಹತ್ತು ದಿನ ಮೀರಿ ಬಿದ್ದಿದ್ದ ನೋಡನ್ನ ಹಾಗೇ ಎಬ್ಬಿಸಬಾರದು. ಗುಂಪಿನಿಂದ ಹೆಸರು ತೆಗೆದು, ಪೂರ್ತಿ ಒರೆಸಿ, ಈಗ ಹುಟ್ಟಿದ ಕೂಸಿನ ಹಾಗೆ ಸೇರಿಸ್ಬೇಕು.”

ಔಲಿಸ್ ಸತ್ತ ಸಂಜೆಯೇ ಬಿರುಗಾಳಿ ಎದ್ದು ದ್ವೀಪದ ವಿದ್ಯುತ್ ತಂತಿ ಕಿತ್ತುಹೋಗಿತ್ತು. ಅಲ್ಲಿನ ಯಂತ್ರ ಬೇಸಿಗೆಯಿಡೀ ಕತ್ತಲಲ್ಲಿ ಕೂತಿತ್ತು. ಕಳೆದ ವಾರ ತಂತಿ ಸರಿಯಾಯಿತು, ಓಸ್ಮೋ ಅದನ್ನು ಎಬ್ಬಿಸಿದ, ಔಲಿಸ್‌ನ ಕರೆ ಎದ್ದು ಕೂತಿತು. ಎಂದರೆ ಕರೆ ಬಂದದ್ದು ನಿಜ. ತಂತಿ ಹೋದ ಮೇಲೆ ಯಾರೋ ಅದನ್ನು ಅಳಿಸಿದ್ದೂ ನಿಜ. ಅಳಿಸುವ ಅಧಿಕಾರ ಇದ್ದದ್ದು ಸಂಘದ ಅಧ್ಯಕ್ಷ ಉರ್ಪೋಗೆ, ಓಸ್ಮೋಗೆ, ಅಂದು ಪಾಳಿಯಲ್ಲಿ ಕೂತವರಿಗೆ. ಪಾಳಿ ಉರ್ಪೋನದೇ ಇತ್ತು. ಆದರೆ ಆ ವಾರ ಅವನು ಓಲು ನಗರದ ಆಸ್ಪತ್ರೆಯಲ್ಲಿ ಸೊಂಟದ ಕೀಲು ಬದಲಾಯಿಸಿಕೊಳ್ಳುತ್ತಿದ್ದ. ಬೆಳಿಗ್ಗೆ ಹಿಲ್ಕಾ ಕೇಳುವ ಮೊದಲೇ ಪ್ಯಾಂಟು ಸರಿಸಿ ಹೊಲಿಗೆಯ ಕಲೆ ತೋರಿಸಿದ್ದ. ತನ್ನ ಜಾಗದಲ್ಲಿ ಯಾರನ್ನು ಕೂರಿಸಿದರು ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಅದನ್ನೆಲ್ಲ ನೋಡಿಕೊಂಡವನು ಓಸ್ಮೋ ಅಂದಿದ್ದ.

ಹಿಲ್ಕಾ ಹೆಣಿಗೆಯನ್ನು ಮಡಿಲಿಗಿಳಿಸಿದಳು.

“ಶುಕ್ರವಾರ ಏನಂತ ಬರೆಸಿದೆ ನೀನು?”

“ವಯಸ್ಸಾಯ್ತು. ಒರೆಸೋಕೆ ಮರೆತೆ ಅಂತ.”

“ಖಾಲಿ ಅಂತ ಕಣ್ಣಿಗೆ ಕಾಣ್ತಿರೋ ಯಂತ್ರವನ್ನೇ ನಿನ್ನ ಕೈ ಬಿಡಲಿಲ್ಲ, ಓಸ್ಮೋ. ನಾನು ಇಲ್ಲಿ ಕೂತಿದ್ದೀನಿ ಅನ್ನೋದನ್ನೂ ಮರೆತು ಒರೆಸಿತು. ಆ ಕೈ ದ್ವೀಪದಲ್ಲಿ ಮರೀತಾ?”

ಓಸ್ಮೋ ಕೀಲಿಮಣೆಯನ್ನು ಮೇಜಿನಂಚಿಗೆ ಸರಿಸಿದ.

“ಇನ್ನೊಂದು,” ಹಿಲ್ಕಾ ಮುಂದುವರಿಸಿದಳು. “ಹತ್ತು ದಿನ ಮೀರಿದ ಮೇಲೆ ಅದರ ಹೆಸರು ಗುಂಪಿನಿಂದ ತೆಗೀಬೇಕು ಅಂದೆ. ತೆಗೆದಿದ್ರೆ ಉಳಿದವು ಅದನ್ನ ಒಳಗೇ ಬಿಡ್ತಿರಲಿಲ್ಲ, ಅಲ್ವಾ? ಬೇಸಿಗೆ ಪೂರ್ತಿ ತೆಗೀದೆ ಇಟ್ಕೊಂಡಿದ್ದೆ.”

ಅವಳ ದನಿ ಏರಿರಲಿಲ್ಲ. ಕಳ್ಳತನ ಮಾಡಿದ ಮಗುವನ್ನು ಹತ್ತಿರ ಕೂರಿಸಿಕೊಂಡು ಕೇಳುವ ದನಿ ಅದು. ಅದಕ್ಕೇ ಇರಬೇಕು, ಓಸ್ಮೋನ ಭುಜ ಕುಸಿಯಿತು.

ನಡೆದದ್ದನ್ನು ಅವನು ತೆರೆಯ ಕಡೆಗೇ ಮುಖ ಮಾಡಿ ಹೇಳಿದ. ಔಲಿಸ್‌ನನ್ನು ಮಣ್ಣು ಮಾಡಿದ ಮೇಲೆ ಒಂದು ದಿನ ಯಂತ್ರ ನೋಡುವಾಗ ಆ ಚೀಟಿ ಕಣ್ಣಿಗೆ ಬಿದ್ದಿತ್ತು. ಒಂದು ಕರೆ ಇತ್ತು, ಯಾರೋ ಅಳಿಸಿದ್ದಾರೆ ಎಂದಷ್ಟೇ ಅದು ಹೇಳುತ್ತದೆ, ಕರೆ ಏನೆಂದು ಹೇಳುವುದಿಲ್ಲ. ಆಮೇಲೆ ಚೀಟಿಯನ್ನೂ ಯಂತ್ರ ಗುಡಿಸಿ ಹಾಕಿತು. ಔಲಿಸ್‌ನ ಕೊನೆಯ ಮಾತು ಈ ಲೋಕದಲ್ಲಿ ಉಳಿದದ್ದು ಒಂದೇ ಕಡೆ, ಕರೆಂಟಿಲ್ಲದ ದ್ವೀಪದ ಯಂತ್ರದೊಳಗೆ. ಪ್ರತಿ ಬೆಳಿಗ್ಗೆ ಓಸ್ಮೋ ಗುಂಪಿನ ಸ್ಥಿತಿ ಕೇಳುತ್ತಿದ್ದ. ಎರಡು ನೋಡುಗಳು ಎದ್ದಿವೆ, ಒಂದು ಬಿದ್ದಿದೆ ಎಂದು ತೆರೆ ಹೇಳುತ್ತಿತ್ತು. ಒಂದೇ ಒಂದು ಕಮಾಂಡು ಹೊಡೆದರೆ ಅದರ ಹೆಸರು ಹೋಗುತ್ತಿತ್ತು, ಆಮೇಲೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಹೊಡೆಯಲಾಗಲಿಲ್ಲ.

ಆ ದಾಖಲೆಯನ್ನು ನೇರವಾಗಿ ತನ್ನ ಕೈಗೇ ತಂದು ಕೊಡಬಹುದಿತ್ತಲ್ಲ ಎಂದು ಹಿಲ್ಕಾ ಕೇಳಿದಳು.

“ಕೊಟ್ಟಿದ್ರೆ ಅಳಿಸಿದ್ದು ಯಾರು ಅಂತ ನೀನು ಕೇಳ್ತಿದ್ದೆ.”

“ಈಗಲೂ ಕೇಳ್ತೀನಿ.”

“ಈಗ ಹೇಳಿದ್ದು ಯಂತ್ರ. ನಾನಲ್ಲ.” ಅವನು ಕನ್ನಡಕ ತೆಗೆದು ಸ್ವೆಟರಿನ ತುದಿಯಿಂದ ಒರೆಸಿದ, ಬಹಳ ಹೊತ್ತು. “ಊರವರು ಅವನು ಬೇಕಂತಲೇ ಹೋದ ಅಂತಾರೆ. ಲೆಂಪೀನೂ ಹಾಗೇ ಅಂದ್ಕೊಂಡಿದ್ದಾಳೆ. ಗೋರಿಗೆ ಒಂದು ಹೂವಿನ ಗಿಡ ನೆಡಲಿಲ್ಲ ಅವಳು ಈ ಬೇಸಿಗೆ. ನೋಡೋಕಾಗಲಿಲ್ಲ ಕಣೇ ನನಗೆ.”

“ಚಪ್ಪಲಿಯಲ್ಲಿ ಕಡಲಿಗಿಳಿದಳು ಅವಳು. ಅದನ್ನ ನೋಡಿದ್ದು ನಾನು.”

ಹೊಸ ಹುಡುಗಿ ಮನೆಗೇ ಫೋನ್ ಮಾಡಿಬಿಡುತ್ತಾಳೆ ಎಂದು ತನಗೆ ಹೊಳೆಯಲೇ ಇಲ್ಲ ಅಂದ ಓಸ್ಮೋ. ಮೊದಲು ಯಾರಾದರೂ ನಿನಗೆ ತಿಳಿಸುತ್ತಾರೆ, ನೀನು ಹೋಗಿ ಸಮಾಧಾನವಾಗಿ ಹೇಳುತ್ತೀಯ ಅಂದುಕೊಂಡಿದ್ದೆ ಅಂದ. ಅದನ್ನು ಹೇಳುತ್ತ ಅತ್ತ. ಅಳು ಅಪ್ಪಟವಾದದ್ದು, ಹಿಲ್ಕಾ ಸುಳ್ಳು ಅಳುವನ್ನು ಸಾಕಷ್ಟು ಕಂಡವಳು.

“ಆವತ್ತು ಪಾಳಿಯಲ್ಲಿ ಯಾರನ್ನ ಕೂರಿಸಿದ್ದೆ?”

“ಅದೊಂದು ಕೇಳ್ಬೇಡ.”

“ಕೇಳೋದೇ ನನ್ನ ಹೊಟ್ಟೆಪಾಡು.”

“ಲೆಂಪಿಗೆ ಹೋಗಿ ಹೇಳು, ಒತ್ತಿದ್ದ ಅಂತ. ಅಷ್ಟು ಸಾಕು ಅವಳಿಗೆ. ಅದರ ಮೇಲೆ ಇನ್ನೇನನ್ನೂ ಹೇರಬೇಡ.”

ಹಿಲ್ಕಾ ಎದ್ದು ಹೆಣಿಗೆಯನ್ನು ಚೀಲಕ್ಕೆ ತುರುಕಿದಳು. ಇವನು ತನ್ನನ್ನು ಉಳಿಸಿಕೊಳ್ಳಲು ಬಾಯಿ ಮುಚ್ಚಿಲ್ಲ, ಇನ್ಯಾರನ್ನೋ ಉಳಿಸಲು ಎಂದು ಅವಳಿಗೆ ಅನ್ನಿಸಿತು. ಮೆಟ್ಟಿಲು ಹತ್ತುವಾಗ ತಿರುಗಿ ನೋಡಿದಳು. ಓಸ್ಮೋ ಮತ್ತೆ ಗುಂಪಿನ ಸ್ಥಿತಿ ಕೇಳುತ್ತಿದ್ದ. ಹೊಸದೂ ಸೇರಿ ನಾಲ್ಕೂ ಎದ್ದಿದ್ದವು.

ಲೆಂಪಿಯ ಮನೆ ದಡದಿಂದ ಕೂಗಳತೆಯಲ್ಲಿ, ಕೆಂಪು ಬಣ್ಣ ಬಳಿದ ಮರದ ಮನೆ. ಹಿಲ್ಕಾ ಬೂಟು ಬಿಚ್ಚಿ ಒಳಗೆ ಹೋದಾಗ ಲೆಂಪಿ ಅಡುಗೆಮನೆಯ ಮೇಜಿನ ಮುಂದೆ ನಿಂತು ಕಪ್ಪು ರೈ ಬ್ರೆಡ್ಡು ಕೊಯ್ಯುತ್ತಿದ್ದಳು. ತಿನ್ನುವವರು ಇಬ್ಬರು, ಕೊಯ್ದದ್ದು ಹತ್ತು ಜನಕ್ಕಾಗುವಷ್ಟು. ಮಗಳು ಸಾಯಿಮಿ ಒಲೆಯ ಹತ್ತಿರ ಕಾಫಿ ಪಾತ್ರೆ ಹಿಡಿದುಕೊಂಡಿದ್ದಳು. ಊರಿನ ಗ್ರಂಥಾಲಯದಲ್ಲಿ ಕೆಲಸ ಅವಳಿಗೆ. ಅಪ್ಪನ ಉದ್ದನೆಯ ಮುಖ, ಅಪ್ಪನದೇ ಮಿತವಾದ ಮಾತು.

ಕೂರು ಎಂದು ಯಾರೂ ಹೇಳುವುದಕ್ಕೆ ಕಾಯದೆ ಹಿಲ್ಕಾ ಕೂತಳು. ಸುತ್ತಿ ಬಳಸಿ ಹೇಳಿದರೆ ನೋವು ಕಡಿಮೆಯಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ಒತ್ತಿದ್ದ, ಲೆಂಪಿ.”

ಚಾಕು ನಿಂತಿತು.

“ಸುಳ್ಳಲ್ಲ ತಾನೆ? ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?”

“ಅಲ್ಲ. ಅವನು ಸಿಕ್ಕಿದ ಜಾಗದಿಂದಲೇ ಬಂದ ಕರೆ. ಒಂದು ಸಲ ಒತ್ತಿ ಬಿಡಲಿಲ್ಲ. ಒತ್ತುತ್ತಲೇ ಇದ್ದ.”

ಲೆಂಪಿ ಮೆಲ್ಲನೆ ಕುರ್ಚಿಗೆ ಇಳಿದಳು. ಚಾಕು ಕೈಯಲ್ಲೇ ಇತ್ತು. ಹಿಲ್ಕಾ ಅದನ್ನು ಬಿಡಿಸಿ ಪಕ್ಕಕ್ಕಿಟ್ಟಳು. ಲೆಂಪಿಯ ಮುಖದಲ್ಲಿ ಮೊದಲು ಬಂದದ್ದು ನಗುವಿನಂಥದ್ದು, ನೋಡಲಾಗದಂಥ ನಗು. ಆಮೇಲೆ ಅವಳು ಮಾತಾಡಿದಳು, ಬಹಳ ದಿನಗಳಿಂದ ಒಳಗೇ ಆಡಿಕೊಂಡಿದ್ದನ್ನು. ಅವನ ಮೇಲೆ ಎಷ್ಟು ಸಿಟ್ಟಿತ್ತು ಎಂದಳು. ಅವನ ಅಂಗಿಗಳನ್ನೆಲ್ಲ ಚರ್ಚಿನವರಿಗೆ ಕೊಟ್ಟುಬಿಟ್ಟಿದ್ದಳು, ಒಂದನ್ನೂ ಇಟ್ಟುಕೊಳ್ಳದೆ. ಮುಂದಿನ ವಾರ ಊರವರೆಲ್ಲ ತಮ್ಮ ತಮ್ಮವರ ಗೋರಿಗೆ ಮೇಣದ ಬತ್ತಿ ಹಚ್ಚುವ ದಿನ. ತಾನು ಹೋಗುವುದಿಲ್ಲ ಎಂದು ತೀರ್ಮಾನಿಸಿದ್ದಳು. ನನ್ನನ್ನು ಬಿಟ್ಟು ಹೋಗಬೇಕೆಂದು ಹೋದವನಿಗೆ ದೀಪ ಯಾಕೆ ಎಂದು.

“ಮನೆಗೆ ಬರ್ಬೇಕು ಅಂತಲೇ ಇದ್ದ ಅವನು,” ಅಂದಳು. “ಬರ್ಬೇಕು ಅಂತಲೇ ಒತ್ತುತ್ತಿದ್ದ.”

ಹಿಲ್ಕಾ ಅವಳ ಕೈ ಹಿಡಿದುಕೊಂಡಳು. ಕೆಲವು ಉತ್ತರಗಳು ಪ್ರಶ್ನೆಗಿಂತ ಭಾರ. ಆದರೂ ಇದನ್ನು ಹೊತ್ತು ತಂದದ್ದಕ್ಕೆ ಅವಳಿಗೆ ಪಶ್ಚಾತ್ತಾಪವಿರಲಿಲ್ಲ.

ಒಲೆಯ ಹತ್ತಿರ ಕಾಫಿ ಪಾತ್ರೆ ಕೆಳಗಿಟ್ಟ ಸದ್ದಾಯಿತು.

“ಅಮ್ಮ,” ಅಂದಳು ಸಾಯಿಮಿ. “ಆವತ್ತು ಪಾಳಿಯಲ್ಲಿ ಕೂತಿದ್ದು ನಾನು.”

ಲೆಂಪಿ ತಲೆ ಎತ್ತಿದಳು. ಮಗಳು ಹೇಳಿದ್ದು ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ. ನೀನು ಗ್ರಂಥಾಲಯದಲ್ಲಿದ್ದೆ ಅಂದಳು. ಇಲ್ಲ ಎಂದು ಸಾಯಿಮಿ ತಲೆಯಾಡಿಸಿದಳು. ಉರ್ಪೋ ಆಸ್ಪತ್ರೆ ಸೇರಿದ್ದ, ಕೂರುವವರು ಸಿಕ್ಕಿರಲಿಲ್ಲ, ಒಂದು ಮಧ್ಯಾಹ್ನ ಕೂರುತ್ತೀಯಾ ಎಂದು ಓಸ್ಮೋ ಕೇಳಿದ್ದ. ಏನೂ ಆಗುವುದಿಲ್ಲ, ಪುಸ್ತಕ ಓದುತ್ತ ಕೂರು ಅಂದಿದ್ದ.

ಅವಳು ನಿಂತಲ್ಲೇ ನಿಂತು ಹೇಳತೊಡಗಿದಳು. ಹಿಲ್ಕಾ ನಡುವೆ ಬಾಯಿ ಹಾಕಲಿಲ್ಲ.

ಅಪ್ಪನ ಹೆಸರು ತೆರೆಯ ಮೇಲೆ ಬಂತು. ನಿಯಮದ ಪ್ರಕಾರ ಹತ್ತಿರ ಹಿಮದ ಮೇಲೆ ಓಡುವ ಮೋಟಾರು ಬಂಡಿ ಇರುವವರನ್ನು ಮೊದಲು ಕಳಿಸಬೇಕು. ಓಸ್ಮೋಗೆ ಫೋನ್ ಮಾಡಿದಳು. ಈಗಲೇ ಹೊರಟೆ ಅಂದ. ಅವಳು ತೆರೆ ನೋಡುತ್ತ ಕೂತಳು. ಹೆಸರು ಮಿನುಗುತ್ತಲೇ ಇತ್ತು, ಮಿನುಗುತ್ತಲೇ ಇತ್ತು. ಆಮೇಲೆ ನಿಂತಿತು.

“ನಿಂತ ಸ್ವಲ್ಪ ಹೊತ್ತಿಗೆ ಓಸ್ಮೋ ಚಿಕ್ಕಪ್ಪನೇ ಫೋನ್ ಮಾಡಿದ್ರು. ಅಪ್ಪನ್ನ ಕಂಡೆ, ಚೆನ್ನಾಗಿದ್ದಾನೆ, ಕೋಟಿನ ತೋಳು ತಾಗಿ ಗುಂಡಿ ಒತ್ತಿಕೊಂಡಿದೆ ಅಷ್ಟೆ ಅಂದ್ರು. ಗಾಬರಿ ಬಿದ್ದೆಯಲ್ಲ ಅಂತ ನಿನ್ನ ನೆನೆದು ನಕ್ಕ ಅಂದ್ರು.” ಸಾಯಿಮಿಯ ತುಟಿ ಬಿಳಿಚಿಕೊಂಡಿತ್ತು. “ನಾನು ನಂಬಿದೆ. ಮಿನುಗೋದು ನಿಂತಿತ್ತಲ್ಲ, ಅದಕ್ಕೇ ನಂಬಿದೆ.”

ತೋಳು ತಾಗಿ ಬರುವ ಸುಳ್ಳು ಕರೆಗಳು ವಾರಕ್ಕೆ ನಾಲ್ಕಾರು. ಮನೆಯವರು ನೋಡಿ ಹೆದರದಿರಲಿ ಎಂದು ಪಾಳಿಯವರು ಸಂಜೆ ಕೆಲಸ ಮುಗಿಸಿ ಏಳುವ ಮೊದಲು ಅವುಗಳನ್ನು ಅಳಿಸಿ ಹೋಗುವುದು ಸಂಘ ಶುರುವಾದ ದಿನದಿಂದ ಬಂದ ರೂಢಿ. ಆ ಸಂಜೆ ಗಾಳಿ ಎದ್ದು ದೀಪ ಒಮ್ಮೆ ಹೋಗಿ ಬಂದ ಮೇಲೆ ಸಾಯಿಮಿಯೂ ಅಳಿಸಿದಳು, ಬಾಗಿಲು ಹಾಕಿ ಮನೆಗೆ ಬಂದಳು. ಅಪ್ಪ ಬಂದಿರಲಿಲ್ಲ. ಚೆನ್ನಾಗಿದ್ದವನು ಆಮೇಲೆ ತಾನಾಗಿಯೇ ಹೋದ ಎಂದು ಅವಳೂ ಊರಿನಂತೆಯೇ ನಂಬಿದಳು. ಅಮ್ಮನಿಗೆ ಇದೆಲ್ಲ ಹೇಳಬೇಡ, ತಡೆದುಕೊಳ್ಳಲಾರಳು ಎಂದು ಓಸ್ಮೋ ಮಸಣದ ಗೇಟಿನ ಹತ್ತಿರ ಅವಳ ಭುಜ ಹಿಡಿದು ಹೇಳಿದ್ದ.

“ಅಪ್ಪನ ಕರೆ ಅಳಿಸಿದ್ದು ನಾನಮ್ಮ. ಈ ಕೈಯಲ್ಲೇ.”

ಲೆಂಪಿ ಎದ್ದು ಮಗಳನ್ನು ಅಪ್ಪಿಕೊಳ್ಳುತ್ತಾಳೆ ಎಂದು ಹಿಲ್ಕಾ ಅಂದುಕೊಂಡಳು, ಇಲ್ಲವೇ ಹೊಡೆಯುತ್ತಾಳೆ. ಎರಡನ್ನೂ ಮಾಡಲಿಲ್ಲ. ಕೂತಲ್ಲೇ ಕೂತು ಮಗಳನ್ನು ನೋಡುತ್ತಿದ್ದಳು. ಅವಳು ಲೆಕ್ಕ ಹಾಕುತ್ತಿದ್ದಳು. ಆ ಲೆಕ್ಕ ಮುಗಿಯುತ್ತಿದ್ದಂತೆ ಮುಖದಿಂದ ರಕ್ತ ಇಳಿದುಹೋಯಿತು.

“ನೀನು ಫೋನ್ ಮಾಡಿದಾಗ ಎಷ್ಟು ಹೊತ್ತಾಗಿತ್ತು?” ಎಂದು ಕೇಳಿದಳು.

“ಮಧ್ಯಾಹ್ನ. ಶಾಲೆಯ ಬಸ್ಸು ಹೋಗ್ತಿತ್ತು ಕಿಟಕಿ ಮುಂದೆ.”

“ಓಸ್ಮೋ ಹಿಮದ ಮೇಲೆ ಹೋಗಿರಲಿಲ್ಲ.”

ಹಿಲ್ಕಾ ಹಿಡಿದಿದ್ದ ಕೈ ತಣ್ಣಗಾಗಿತ್ತು. “ಅದು ಹೇಗೆ ಗೊತ್ತು, ಲೆಂಪಿ?”

“ಇಲ್ಲೇ ಇದ್ದ. ಈ ಮೇಜಿಗೇ ಕೂತಿದ್ದ.” ಲೆಂಪಿಯ ದನಿಯಲ್ಲಿ ಏರಿಳಿತವಿರಲಿಲ್ಲ. “ಫೋನ್ ಬಂತು. ಹೊರಗೆ ಜಗಲಿಗೆ ಹೋಗಿ ಮಾತಾಡಿ ಬಂದ. ಯಾರು ಅಂದೆ. ಸಂಘದ ಕೆಲಸ, ಆಮೇಲೆ ನೋಡ್ಕೊಳ್ತೀನಿ ಅಂದ. ಇನ್ನೊಂದು ಸಲ ಅವನೇ ಹೊರಗೆ ಹೋಗಿ ಫೋನ್ ಮಾಡಿದ. ವಾಪಸ್ ಬಂದು ಕೂತ. ನಾನು ಅವನಿಗೆ ಮತ್ತೊಂದು ಲೋಟ ಕಾಫಿ ಬಗ್ಗಿಸಿದೆ.”

ಸಾಯಿಮಿ ಒಲೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಅವಳ ಕಣ್ಣಲ್ಲಿ ಈವರೆಗೆ ಇದ್ದ ಅಪರಾಧ ಮೆಲ್ಲಗೆ ಬೇರೆ ಏನೋ ಆಗಿ ತಿರುಗುತ್ತಿತ್ತು.

“ಅಪ್ಪ ಕಡಲಿನಲ್ಲಿದ್ದಾಗ,” ಅಂದಳು, “ಅವನಿಗೆ ಈ ಮನೆಯಲ್ಲಿ ಏನು ಕೆಲಸ ಇತ್ತಮ್ಮ?”

ಲೆಂಪಿ ಹಿಲ್ಕಾಳ ಹಿಡಿತದಿಂದ ತನ್ನ ಕೈ ಬಿಡಿಸಿಕೊಂಡಳು.